ರಕ್ತದ ಗುಂಪು ಅಂದ್ರೆ ಸಕ್ಕರೆ ಅಂತಾರೆ. ಸರಿ, ಆ ಸಕ್ಕರೆ ಸರವನ್ನ ಕಟ್ಟೋರು ಯಾರು?

ಹಾಸನದ_ಹುಡುಗ
ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಬಯೋಕೆಮಿಸ್ಟ್ರಿ ಓದ್ತಾ ಇದ್ದೀನಿ. ಒಂದು ಡೌಟು ತಲೆ ತಿಂತಾ ಇದೆ, ಗೊತ್ತಿರೋರು ಬಿಡಿಸಿ ಹೇಳಿ.

ಡಿಎನ್‌ಎಯಲ್ಲಿ ಇರೋದು ಆರ್‌ಎನ್‌ಎ ಆಗುತ್ತೆ, ಅದನ್ನ ಓದಿ ಪ್ರೋಟೀನ್ ತಯಾರಾಗುತ್ತೆ. ಮೂರು ಅಕ್ಷರಕ್ಕೆ ಒಂದು ಅಮೈನೊ ಆಮ್ಲ. ಇಷ್ಟು ಪಿಯುಸಿಯಿಂದ ಬಾಯಿಪಾಠ. ಆದ್ರೆ ರಕ್ತದ ಗುಂಪಿನ ಪಾಠದಲ್ಲಿ, ಎ ಗುಂಪಿಗೂ ಬಿ ಗುಂಪಿಗೂ ಇರೋ ವ್ಯತ್ಯಾಸ ಕೆಂಪುಕಣದ ಮೇಲಿನ ಸಕ್ಕರೆ ಸರದ ತುದಿಯ ಒಂದೇ ಒಂದು ಸಕ್ಕರೆ ಅಂದ್ರು. ಸಕ್ಕರೆಗೆ ಕೋಡಾನ್ ಇಲ್ವಲ್ಲ? ಎಲ್ಲೂ ಬರೆದಿಲ್ಲದ ಸರ ಪ್ರತಿ ಕಣದ ಮೇಲೂ ಅದೇ ಥರ ಬರೋದು ಹೇಗೆ? ಅದೂ ಅಪ್ಪ ಅಮ್ಮನಿಂದ ಮಕ್ಕಳಿಗೆ? ಕ್ಲಾಸಲ್ಲಿ ಕೇಳಿದೆ, ಪರೀಕ್ಷೆಗೆ ಬರಲ್ಲ ಬಿಡು ಅಂತ ಮುಂದಕ್ಕೆ ಹೋದ್ರು.

ಧಾರವಾಡದ_ನಿವೃತ್ತ_ಮಾಸ್ತರ
ತಮ್ಮಾ, ಪರೀಕ್ಷಾಕ್ಕ ಬರೂದಿಲ್ಲ ಅಂದ್ರ ಅದನ್ನ ಮೊದಲ ಓದಬೇಕು ಅಂತ ತಿಳ್ಕೊ.

ನೀ ಹೇಳಿದ್ದು ಖರೇ ಐತಿ, ಸಕ್ಕರಿ ಸರದ ನಕ್ಷಾ ಎಲ್ಲೂ ಬರದಿಲ್ಲ. ಡಿಎನ್‌ಎದಾಗ ಇರೋದು ಸರ ಕಟ್ಟೋ ಕಿಣ್ವಗಳ ವಿವರ. ಗ್ಲೈಕೋಸಿಲ್‌ಟ್ರಾನ್ಸ್‌ಫರೇಸ್ ಅಂತಾರ. ಮನುಷ್ಯಾನ ಜೀನೋಮಿನಾಗ ಇಂಥವು ಸುಮಾರು 200 ಅದಾವು. ಒಂದೊಂದೂ ಭಾಳ ಹಟಮಾರಿ. ತನಗ ಇಂಥಾ ಸಕ್ಕರೀನ ಬೇಕು, ಅದನ್ನ ಇಂಥಾ ಸಕ್ಕರಿಗೇ ಹಚ್ಚಬೇಕು, ಇಷ್ಟನೇ ಕಾರ್ಬನ್ನಿಗೇ ಹಚ್ಚಬೇಕು, ಆಲ್ಫಾ ಅಂದ್ರ ಆಲ್ಫಾ, ಬೀಟಾ ಅಂದ್ರ ಬೀಟಾ. ಈ ಹಟ ಇಲ್ಲಂದ್ರ ಕೆಲಸ ಕೆಡತೈತಿ. ಗ್ಲೈಸಿನ್ ಅನ್ನೋ ಅಮೈನೊ ಆಮ್ಲ ಎರಡು ಜೋಡಿಸಿದ್ರ ಒಂದ ನಮೂನಿ ಡೈಪೆಪ್ಟೈಡ್ ಬರತೈತಿ, ಎರಡು ಗ್ಲುಕೋಸ್ ಜೋಡಿಸಾಕ 11 ದಾರಿ ಅದಾವು. ಮಾಲ್ಟೋಸ್, ಸೆಲ್ಲೊಬಯೋಸ್, ಟ್ರೆಹಲೋಸ್, ಎಲ್ಲಾ ಅದ ಎರಡು ಗ್ಲುಕೋಸ್. ಹಾಳಿ ಮ್ಯಾಲೆ ಬರದು ನೋಡು.

ಮಾರ್ಕೆಟ್ಟಿನಾಗ ಹೂ ಕಟ್ಟೋ ಹೆಣ್ಮಗಳ ಮುಂದ ಯಾರೂ ಚೀಟಿ ಇಟ್ಟಿರೂದಿಲ್ಲ. ಬುಟ್ಟ್ಯಾಗ ಏನೈತಿ, ಈಗ ಕಟ್ಟಿದ ಹೂ ಯಾವುದು, ಅಷ್ಟ ನೋಡಿ ಮುಂದಿಂದು ಇಡತಾಳ. ಇಲ್ಲೂ ಹಂಗ. ಒಂದು ಕಿಣ್ವ ಸಕ್ಕರಿ ಹಚ್ಚಿದ ಮ್ಯಾಲೆ ಬರೋ ಹೊಸಾ ತುದೀನ ಮುಂದಿನ ಕಿಣ್ವ ಗುರುತು ಹಿಡೀತೈತಿ. ಹಿಂದಿಂದು ಕೆಲಸ ಮಾಡಲಿಲ್ಲ ಅಂದ್ರ ಮುಂದಿಂದಕ್ಕ ಕೆಲಸ ಇಲ್ಲ. ನಿನ್ನ ಪ್ರಶ್ನೆಕ್ಕ ಉತ್ತರ ಇಷ್ಟ. ಗುಂಪು ಅನುವಂಶಿಕವಾಗಿ ಬರೋದು ಕಿಣ್ವದ ರೂಪದಾಗ.

ಇನ್ನೊಂದು ಮಾತು. ಸುಮ್ಮನ ಗ್ಯಾಲಕ್ಟೋಸ್ ತಂದು ಬಾಜೂಕ ಇಟ್ರ ಅದು ಅಂಟೂದಿಲ್ಲ. ಮೊದಲು ಅದನ್ನ ನ್ಯೂಕ್ಲಿಯೊಟೈಡಿಗೆ ಕಟ್ಟಿ ಶಕ್ತಿ ತುಂಬಬೇಕು. ಗ್ಲುಕೋಸ್, ಗ್ಯಾಲಕ್ಟೋಸ್ ಯುಡಿಪಿ ಬೆನ್ನ ಮ್ಯಾಲೆ ಬರತಾವು, ಮ್ಯಾನೋಸ್ ಮತ್ತ ಫ್ಯೂಕೋಸ್ ಜಿಡಿಪಿ ಬೆನ್ನ ಮ್ಯಾಲೆ, ಸಿಯಾಲಿಕ್ ಆಮ್ಲ ಸಿಎಂಪಿ ಬೆನ್ನ ಮ್ಯಾಲೆ. ಇದನ್ನ ಕಂಡುಹಿಡಿದಾಂವ ಅರ್ಜೆಂಟೀನಾದ ಲೂಯಿಸ್ ಲೆಲೋಯರ್. ಬ್ಯೂನಸ್ ಐರಿಸ್‌ದಾಗ ಯೀಸ್ಟ್ ಗ್ಯಾಲಕ್ಟೋಸನ್ನ ಹೆಂಗ ಬಳಸತೈತಿ ಅಂತ ನೋಡ್ಕೋತ ಹೋಗಿ ಯುಡಿಪಿ-ಗ್ಲುಕೋಸ್ ಹಿಡದಾ. 1970ರ ಕೆಮಿಸ್ಟ್ರಿ ನೊಬೆಲ್ ಅಂವಗ ಬಂತು. ಗ್ಲೈಕೋಜನ್ ಪಾಠದಾಗ ಯುಡಿಪಿ-ಗ್ಲುಕೋಸ್ ಬರತೈತಿ ನೋಡು, ಅದ ಇದು.

ಲ್ಯಾಬ್_ಅಕ್ಕ
ಬ್ಲಡ್ ಬ್ಯಾಂಕಲ್ಲಿ ಟೆಕ್ನೀಶಿಯನ್ ನಾನು, ಶಿವಮೊಗ್ಗ. ಮೇಷ್ಟ್ರು ಹೇಳಿದ್ದನ್ನ ನಮ್ಮ ಟೇಬಲ್ ಮೇಲಿಟ್ಟು ತೋರಿಸ್ತೀನಿ.

ಕೆಂಪುಕಣದ ಮೇಲಿನ ಸರದ ತುದಿಯಲ್ಲಿ ಗ್ಯಾಲಕ್ಟೋಸ್ ಇದೆ ಅಂದ್ಕೊ. ಎಫ್‌ಯುಟಿ1 ಅನ್ನೋ ಜೀನಿನ ಕಿಣ್ವ ಬಂದು ಅದಕ್ಕೆ ಒಂದು ಫ್ಯೂಕೋಸ್ ಹಚ್ಚುತ್ತೆ. ಈಗ ಆಗಿದ್ದು ಎಚ್ ಆಂಟಿಜೆನ್. ಇಲ್ಲಿಗೆ ನಿಂತ್ರೆ ಓ ಗುಂಪು. ಎ ಕಿಣ್ವ ಇದ್ರೆ ಅದೇ ಗ್ಯಾಲಕ್ಟೋಸಿಗೆ ಇನ್ನೊಂದು ಸಕ್ಕರೆ ಸೇರಿಸುತ್ತೆ, ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್. ಬಿ ಕಿಣ್ವ ಇದ್ರೆ ಬರೀ ಗ್ಯಾಲಕ್ಟೋಸ್ ಸೇರಿಸುತ್ತೆ. ಎರಡೂ ಕಿಣ್ವ ಇದ್ರೆ ಕೆಲವು ಸರಕ್ಕೆ ಅದು, ಕೆಲವಕ್ಕೆ ಇದು: ಎಬಿ.

ಮಜಾ ಏನು ಗೊತ್ತಾ? ಎ ಕಿಣ್ವ, ಬಿ ಕಿಣ್ವ ಎರಡರಲ್ಲೂ 354 ಅಮೈನೊ ಆಮ್ಲ. ಅವುಗಳಲ್ಲಿ ಬೇರೆ ಇರೋದು ನಾಲ್ಕೇ ನಾಲ್ಕು. ಅದರಲ್ಲೂ 266 ಮತ್ತು 268ನೇದ್ದೇ ಮುಖ್ಯ. 266ರಲ್ಲಿ ಎ ಕಿಣ್ವಕ್ಕೆ ಲ್ಯೂಸಿನ್ ಇದ್ರೆ ಬಿ ಕಿಣ್ವಕ್ಕೆ ಮೆಥಿಯೋನಿನ್. ಆ ಮೆಥಿಯೋನಿನ್ ಜಾಗ ತಿಂದುಬಿಡುತ್ತೆ, ಅಸಿಟೈಲ್ ಬಾಲ ಇರೋ ಸಕ್ಕರೆ ಒಳಗೆ ಕೂರೋಕೆ ಆಗಲ್ಲ, ಸಣ್ಣ ಗ್ಯಾಲಕ್ಟೋಸ್ ಮಾತ್ರ ಹಿಡಿಸುತ್ತೆ. ಎ ರಕ್ತ ಬಿ ಅವರಿಗೆ ಕೊಟ್ರೆ ಜೀವಕ್ಕೇ ಅಪಾಯ ಅಂತೀವಲ್ಲ, ಅದರ ಬೇರು ಇಷ್ಟರಲ್ಲಿದೆ.

ಹಾಸನದ_ಹುಡುಗ
ಅಕ್ಕಾ, ಹಾಗಾದ್ರೆ ಓ ಗುಂಪಿನವರಿಗೆ ಆ ಜೀನೇ ಇರಲ್ವಾ?

ಲ್ಯಾಬ್_ಅಕ್ಕ
ಇರುತ್ತೆ. ಒಂಬತ್ತನೇ ಕ್ರೋಮೋಸೋಮಲ್ಲಿ ಎಲ್ಲರಿಗೂ ಇರುತ್ತೆ. ಸಾಮಾನ್ಯವಾದ ಓ ಜೀನಲ್ಲಿ 261ನೇ ಜಾಗದ ಒಂದು ಜಿ ಅಕ್ಷರ ಬಿದ್ದುಹೋಗಿದೆ. ಅಲ್ಲಿಂದ ಮುಂದೆ ಮೂರು ಮೂರು ಅಕ್ಷರ ಓದೋ ಲೆಕ್ಕವೇ ತಪ್ಪಿ ಕಿಣ್ವ ಅರ್ಧಕ್ಕೇ ನಿಂತುಹೋಗುತ್ತೆ. 1990ರಲ್ಲಿ ಫುಮಿಇಚಿರೊ ಯಮಾಮೊಟೊ ಅವರ ತಂಡ ಇದನ್ನೆಲ್ಲ ಬಿಡಿಸಿ ತೋರಿಸ್ತು. ಲ್ಯಾಂಡ್‌ಸ್ಟೈನರ್ ಗುಂಪುಗಳನ್ನ ಗುರುತಿಸಿ ಆಗಲೇ 90 ವರ್ಷ ಆಗಿತ್ತು.

ಶುಗರ್_ಇದೆ_ಸ್ವಾಮಿ
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನನಗೆ ಡಯಾಬಿಟಿಸ್. ಎಚ್‌ಬಿಎ1ಸಿ ಅಂದ್ರೂ ರಕ್ತಕಣಕ್ಕೆ ಸಕ್ಕರೆ ಅಂಟೋದು ಅಂತ ಡಾಕ್ಟ್ರು ಹೇಳಿದ್ರು. ಶುಗರ್ ಜಾಸ್ತಿ ಆದ್ರೆ ಗುಂಪೂ ಬದಲಾಗುತ್ತಾ? ನಗಬೇಡಿ.

ಧಾರವಾಡದ_ನಿವೃತ್ತ_ಮಾಸ್ತರ
ನಗೂದೇನ್ರಿ, ಎಂಎಸ್ಸಿ ಹುಡುಗರೂ ಇಲ್ಲೇ ಎಡವತಾರ. ನಿಮ್ಮ ಗುಂಪು ಬದಲಾಗೂದಿಲ್ಲ. ಎಚ್‌ಬಿಎ1ಸಿದಾಗ ಯಾವ ಕಿಣ್ವದ ಕೈವಾಡನೂ ಇಲ್ಲ. ರಕ್ತದಾಗ ಗ್ಲುಕೋಸ್ ಎಷ್ಟು ಹೆಚ್ಚು, ಎಷ್ಟು ದಿನ ಹೆಚ್ಚು, ಅದರ ಮ್ಯಾಲೆ ಅದು ತಾನಾಗೇ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿ ತುದಿಗೆ ಹತ್ತಿಕೊಳ್ಳತೈತಿ. ಕೆಂಪುಕಣದ ಆಯುಷ್ಯ ಸುಮಾರು 120 ದಿನ, ಅದಕ್ಕ ಆ ಪರೀಕ್ಷಾ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳತೈತಿ. ಗುಂಪಿನ ಸಕ್ಕರೀನ ಕಿಣ್ವ ಎಣಿಸಿ ಹಚ್ಚತೈತಿ. ನೀವು ಜಿಲೇಬಿ ತಿಂದ್ರೂ ಅಷ್ಟ, ಬಿಟ್ರೂ ಅಷ್ಟ. ಬಿಡೋದು ಛಲೋ.

ಉಡುಪಿ_ಬದಿಯವ
ಲ್ಯಾಬ್ ಅಕ್ಕ, ನಿಮಗೊಂದು ಪ್ರಶ್ನೆ ಉಂಟು. ನಮ್ಮ ಅತ್ತೆಗೆ ಗರ್ಭಕೋಶದ ಆಪರೇಷನ್ ಇತ್ತು. ಅವರ ಹಳೇ ಕಾರ್ಡಿನಲ್ಲಿ ಓ ಪಾಸಿಟಿವ್ ಅಂತ ಇದ್ದದ್ದು. ಆಪರೇಷನಿಗೆ ಮೊದಲು ಕ್ರಾಸ್ ಮ್ಯಾಚ್ ಮಾಡಿದ್ರೆ ಒಂದು ಓ ಬಾಟ್ಲಿಯೂ ಹೊಂದುವುದಿಲ್ಲ ಮಾರಾಯ್ರೆ. ಕೊನೆಗೆ ಬಾಂಬೆ ಗ್ರೂಪ್ ಅಂತ ಬಂತು. ನಾವು ಬೊಂಬಾಯಿಗೆ ಹೋದವರೇ ಅಲ್ಲ. ಆಪರೇಷನ್ ರಕ್ತ ಇಲ್ಲದೆಯೇ ಮುಗಿಯಿತು, ಪುಣ್ಯ. ಈಗ ತಮಾಷೆ ಏನಂದ್ರೆ, ಅವರ ಗಂಡ ಓ, ಇವರೂ "ಓ", ಮಗಳು ಎ. ಊರವರ ಬಾಯಿಗೆ ಬೀಗ ಹಾಕುವುದು ಹೇಗೆ?

ಲ್ಯಾಬ್_ಅಕ್ಕ
ಮಗಳು ಅವರದ್ದೇ, ಊರವರಿಗೆ ಇದನ್ನ ಓದಿ ಹೇಳಿ.

ನಿಮ್ಮ ಅತ್ತೆಯವರಲ್ಲಿ ಎ ಜೀನ್ ಸರಿಯಾಗೇ ಇದೆ, ಎ ಕಿಣ್ವವೂ ತಯಾರಾಗುತ್ತೆ. ಆದ್ರೆ ಅದಕ್ಕಿಂತ ಹಿಂದಿನ ಹೆಜ್ಜೆ, ಫ್ಯೂಕೋಸ್ ಹಚ್ಚೋ ಎಫ್‌ಯುಟಿ1, ಎರಡೂ ಪ್ರತಿಯಲ್ಲಿ ಕೆಟ್ಟಿದೆ. ಎಚ್ ಇಲ್ಲ ಅಂದಮೇಲೆ ಎ ಕಿಣ್ವ ಯಾವುದಕ್ಕೆ ಹಚ್ಚಬೇಕು? ಕೈಕಟ್ಟಿ ಕೂತಿರುತ್ತೆ. ಮಗಳಿಗೆ ತಾಯಿಯಿಂದ ಆ ಎ ಜೀನ್ ಬಂತು, ಅಪ್ಪನಿಂದ ಸರಿಯಾದ ಎಫ್‌ಯುಟಿ1 ಬಂತು. ಎರಡೂ ಸೇರಿದಾಗ ಎ ಸಕ್ಕರೆ ಮೊದಲ ಸಲ ಹೊರಗೆ ಕಾಣಿಸ್ತು. ಹಾಸನದ ತಮ್ಮಾ, ಬರೆದಿಟ್ಟ ನಕ್ಷೆ ಇಲ್ಲ, ಹಿಂದಿನ ಹೆಜ್ಜೆಯೇ ಮುಂದಿನದಕ್ಕೆ ಆಧಾರ ಅಂತ ಮೇಷ್ಟ್ರು ಹೇಳಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹೆಸರಿನ ಕಥೆ: ಮುಂಬೈಯಲ್ಲಿ ವೈ. ಎಂ. ಭೆಂಡೆ ಮತ್ತು ಜೊತೆಗಾರರು ಇಂಥ ರಕ್ತ ಗುರುತಿಸಿ 1952ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ಆ ಲೇಖನದ ಸಹಲೇಖಕರಲ್ಲಿ ಲಂಡನ್ನಿನ ವಾಲ್ಟರ್ ಮಾರ್ಗನ್, ವಿನಿಫ್ರೆಡ್ ವಾಟ್ಕಿನ್ಸ್ ಇದ್ರು. ಎಚ್ ಮೇಲೆಯೇ ಎ, ಬಿ ಕಟ್ಟಿಕೊಳ್ಳುತ್ತವೆ ಅನ್ನೋ ಕ್ರಮವನ್ನ ಬಿಡಿಸೋದರಲ್ಲಿ ಅವರಿಬ್ಬರದ್ದೇ ದೊಡ್ಡ ಪಾಲು. ನಮ್ಮ ದೇಶದಲ್ಲಿ ಸುಮಾರು 10,000ಕ್ಕೆ ಒಬ್ಬರು ಅಂತಾರೆ, ಯುರೋಪಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ಸೋದರಮಾವ, ಅತ್ತೆ ಮಗ ಅಂತ ಒಳಸಂಬಂಧ ಮಾಡೋ ಕಡೆ ಎರಡೂ ಪ್ರತಿ ಕೆಟ್ಟಿರೋ ಸಾಧ್ಯತೆ ಜಾಸ್ತಿ.

ತಪ್ಪೋದು ಎಲ್ಲಿ ಅಂದ್ರೆ, ಕಣಕ್ಕೆ ಆಂಟಿ-ಎ, ಆಂಟಿ-ಬಿ (ಎ, ಬಿ ಸಕ್ಕರೆಯನ್ನ ಹಿಡಿಯೋ ಪ್ರತಿಕಾಯಗಳು) ಹಾಕಿದ್ರೆ ಎರಡೂ ಗುಂಪುಗಟ್ಟಲ್ಲ, ಥೇಟ್ ಓ ಥರ. ಅವರ ಸೀರಮ್ಮನ್ನ ಓ ಕಣಗಳ ಜೊತೆ ಇಟ್ಟು ನೋಡಿದಾಗ ಮಾತ್ರ ಬಣ್ಣ ಬಯಲಾಗುತ್ತೆ, ಅವರಲ್ಲಿ ಆಂಟಿ-ಎಚ್ ಇರುತ್ತಲ್ಲ. ಸ್ಲೈಡ್ ಮೇಲೆ ಎರಡು ತೊಟ್ಟು ಹಾಕಿ ಕಾರ್ಡ್ ಬರೆಯೋ ಶಿಬಿರಗಳಲ್ಲಿ ಈ ರಿವರ್ಸ್ ಗ್ರೂಪಿಂಗ್ ಮಾಡೋದು ಎಲ್ಲಿಂದ ಬಂತು.

ಒಂದು ಕೆಲಸ ಮಾಡಿ. ಅತ್ತೆಯ ಒಡಹುಟ್ಟಿದವರನ್ನೆಲ್ಲ ಪರೀಕ್ಷೆ ಮಾಡಿಸಿ. ಒಬ್ಬೊಬ್ಬರಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ. ಬಾಂಬೆಯವರಿಗೆ ಬಾಂಬೆಯವರ ರಕ್ತವೇ ಆಗಬೇಕು, ಮನೆಯಲ್ಲೇ ಇನ್ನೊಬ್ಬರಿದ್ರೆ ಅದಕ್ಕಿಂತ ಭಾಗ್ಯ ಇಲ್ಲ.

ಉಡುಪಿ_ಬದಿಯವ
ಬಹಳ ಉಪಕಾರ ಅಕ್ಕ. ಒಂದೇ ಸಂಶಯ. ಇಷ್ಟೆಲ್ಲ ಸಕ್ಕರೆ ಇಲ್ಲದೆಯೂ ಅವರು ಗಟ್ಟಿಮುಟ್ಟಾಗಿದ್ದಾರಲ್ಲ?

ಧಾರವಾಡದ_ನಿವೃತ್ತ_ಮಾಸ್ತರ
ಇದು ಖರೇ ಪ್ರಶ್ನಿ. ಸರದ ತುದ್ಯಾಗಿನ ಈ ಗುಂಪಿನ ಸಕ್ಕರಿ ಕಡಿಮಿ ಆದ್ರ ದೇಹ ಸಹಿಸಿಕೊಳ್ಳತೈತಿ. ಓ ಗುಂಪಿನ ನಾವೆಲ್ಲಾ ಕೆಟ್ಟ ಕಿಣ್ವ ಇಟ್ಕೊಂಡ ಬದುಕೀವಿ. ಬುಡದಾಗ ಕಡಿಮಿ ಆದ್ರ ಮಾತ್ರ ಕಥಿ ಬ್ಯಾರೆ. ಬುಡ ಹೆಂಗ ಆಗತೈತಿ ಅಂತ ಹೇಳತೀನಿ, ಉದ್ದ ಆಗತೈತಿ, ಓದ್ರಿ.

ಕೆಂಪುಕಣದ ಪೊರಿಯೊಳಗ ಬ್ಯಾಂಡ್ 3 ಅನ್ನೋ ಪ್ರೋಟೀನ್ ಐತಿ, ಒಂದು ಕಣಕ್ಕ ಸುಮಾರು ಹತ್ತು ಲಕ್ಷ. ಎ, ಬಿ, ಎಚ್ ಸಕ್ಕರಿ ಬಹಳಷ್ಟು ಕೂತಿರೋದು ಇದರ ಮ್ಯಾಲೆ. ಒಂದೊಂದು ಬ್ಯಾಂಡ್ 3ಕ್ಕ ಸಕ್ಕರಿ ಹಚ್ಚೋ ಜಾಗ ಒಂದ. ಅಲ್ಲಿಂದ ಉದ್ದನ್ನ ಸರ ಹೊಂಟಿರತೈತಿ.

ಆ ಸರಾನ ಒಂದೊಂದ ಸಕ್ಕರಿ ಪ್ರೋಟೀನಿಗೆ ಹಚ್ಚಿ ಬೆಳಸತಾವು ಅಂತ ತಿಳ್ಕೊಂಡಿದ್ರ ಅದು ಹಂಗಲ್ಲ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಜೀವಕೋಶದೊಳಗ ಪ್ರೋಟೀನ್ ತಯಾರಾಗೋ ಪೊರಿಯ ಜಾಲ) ಅದರ ಪೊರಿಯೊಳಗ ಡೊಲಿಕಾಲ್ ಅಂತ ಒಂದು ಉದ್ದನ್ನ ಕೊಬ್ಬಿನಂಥ ಅಣು ಐತಿ. ಮೊದಲು ಅದರ ಮ್ಯಾಲೆ 14 ಸಕ್ಕರಿಯ ಗೊಂಚಲು ಕಟ್ಟತಾವು: ಎರಡು ಎನ್-ಅಸಿಟೈಲ್ ಗ್ಲುಕೋಸಮೀನ್, ಒಂಬತ್ತು ಮ್ಯಾನೋಸ್, ಮೂರು ಗ್ಲುಕೋಸ್. ಮೊದಲಿನ ಏಳು ಪೊರಿಯ ಹೊರಗಿನ ಮಗ್ಗಲಿಗೆ. ಆಮ್ಯಾಲೆ ಇಡೀ ಗೊಂಚಲು ಪೊರಿ ದಾಟಿ ಒಳಗ ಉಲ್ಟಾ ಹೊಳ್ಳತೈತಿ. ಉಳಿದ ಏಳು ಒಳಗ. ತಯಾರಾತು ಅಂದಮ್ಯಾಲೆ ಹೊಸದಾಗಿ ನೇಯತಿರೋ ಪ್ರೋಟೀನಿನ ಆಸ್ಪರಜೀನ್ ಅನ್ನೋ ಅಮೈನೊ ಆಮ್ಲಕ್ಕ ಒಮ್ಮೆಲೆ ದಾಟಿಸತಾವು. ಎಲ್ಲಾ ಆಸ್ಪರಜೀನಿಗೂ ಅಲ್ಲ, ಒಂದು ಬಿಟ್ಟು ಮುಂದ ಸೆರೀನ್ ಇಲ್ಲಾ ಥ್ರಿಯೋನೀನ್ ಇರಬೇಕು, ನಡುವ ಪ್ರೋಲೀನ್ ಇರಬಾರದು.

ಇಷ್ಟ ಕಷ್ಟಪಟ್ಟು ಕಟ್ಟಿದ್ದನ್ನ ಮರುಕ್ಷಣಕ್ಕ ಕತ್ತರಿಸಾಕ ಚಾಲೂ ಮಾಡತಾವು! ಮೂರು ಗ್ಲುಕೋಸ್ ಹೋದವು, ಮುಂದಿನ ಕೋಣಿಗಳಾದ ಗಾಲ್ಜಿಗೆ (ಜೀವಕೋಶದ ಇನ್ನೊಂದು ಭಾಗ) ಹೋದಮ್ಯಾಲೆ ಮ್ಯಾನೋಸೂ ಹೋಗತಾವು. ನನಗ ಇದು ಮೊದಲು ಶುದ್ಧ ದಂಡ ಅನಿಸಿತ್ತು. ದಂಡ ಅಲ್ಲ. ಆ ಗ್ಲುಕೋಸ್ ಪ್ರೋಟೀನಿನ ಮಡಿಕಿ ಸರಿ ಐತೋ ಇಲ್ಲೋ ತಪಾಸ ಮಾಡೋ ಗುರುತು. ಮಡಿಕಿ ತಪ್ಪಿದ್ರ ಒಂದು ಕಿಣ್ವ ಗ್ಲುಕೋಸನ್ನ ಮತ್ತ ಹಚ್ಚತೈತಿ, ಇನ್ನೊಮ್ಮೆ ಮಡಚಾಕ ಅವಕಾಶ. ಪಾಸಾದದ್ದು ಗಾಲ್ಜಿಗೆ. ಅಲ್ಲಿ ಒಂದೊಂದು ಕೋಣ್ಯಾಗ ಬ್ಯಾರೆ ಬ್ಯಾರೆ ಕಿಣ್ವ ಕೂತಿರತಾವು. ಯುಡಿಪಿ ಹೊತ್ತ ಸಕ್ಕರಿಗೆ ಒಳಗ ಬರಾಕ ಬಾಗಲಾ ಬ್ಯಾರೆ ಅದಾವು, ಒಂದು ಒಳಗ ಬಂದ್ರ ಖಾಲಿಯಾದ ಯುಎಂಪಿ ಒಂದು ಹೊರಗ. ಇಲ್ಲಿ ಸರ ಉದ್ದ ಆಗತೈತಿ, ಟೊಂಗಿ ಒಡೀತೈತಿ, ಕಡೀಕ ಫ್ಯೂಕೋಸ್, ಅದರ ಬೆನ್ನಿಗೆ ಎ ಇಲ್ಲಾ ಬಿ.

ಈಗ ಬುಡದ ಮಾತು. ಮ್ಯಾನೋಸ್ ತಯಾರಿಯೊಳಗಿನ ಪಿಎಂಎಂ2 ಕಿಣ್ವ ಕೆಟ್ರ ಡೊಲಿಕಾಲ್ ಮ್ಯಾಲಿನ ಗೊಂಚಲ ಸಾಕಾಗೂದಿಲ್ಲ. ನೂರಾರು ಪ್ರೋಟೀನ್ ಸಕ್ಕರಿ ಇಲ್ಲದ ಹೊರಗ ಬೀಳತಾವು. ಕೂಸಿನ ಮಿದುಳು, ಯಕೃತ್, ರಕ್ತ ಹೆಪ್ಪುಗಟ್ಟೋದು ಎಲ್ಲಾ ಪೆಟ್ಟು ತಿಂತೈತಿ. ಬೆಲ್ಜಿಯಂದ ಜಾಕ್ ಯಾಕೆನ್ ಅನ್ನೋ ಮಕ್ಕಳ ವೈದ್ಯರು 1980ರಾಗ ಅವಳಿ ಅಕ್ಕತಂಗೇರಲ್ಲಿ ಇದನ್ನ ಮೊದಲ ಬಾರಿ ವಿವರಿಸಿದ್ರು. ಅದರ ಹತ್ತರದ ಸಂಬಂಧಿ ಇನ್ನೊಂದೈತಿ, ಎಂಪಿಐ ಕಿಣ್ವ ಕೆಡೋದು. ಅದಕ್ಕ ಬಾಯಿಂದ ಮ್ಯಾನೋಸ್ ಕೊಟ್ರ ಸುಧಾರಣಿ ಆಗತೈತಿ. ಒಂದು ಸಕ್ಕರೀನ ಔಷಧ!

ಹಾಸನದ_ಹುಡುಗ
ಸರ್, ಟೊಂಗೆ ಒಡೆಯುತ್ತೆ ಅಂದ್ರಲ್ಲ, ಅದು ಎಲ್ಲರಲ್ಲೂ ಒಂದೇ ಥರಾನಾ?

ಲ್ಯಾಬ್_ಅಕ್ಕ
ಇದಕ್ಕೆ ನಾನು ಹೇಳ್ತೀನಿ, ದಿನಾ ನೋಡೋದು. ಹುಟ್ಟಿದ ಮಗುವಿನ ಕಣದ ಮೇಲೆ ಸರಗಳು ನೇರಕ್ಕಿರುತ್ತೆ, ಟೊಂಗೆ ಕಡಿಮೆ. ಕವಲು ಒಡೆಸೋ ಕಿಣ್ವ ಆಮೇಲೆ ಜೋರಾಗುತ್ತೆ, ಎರಡು ವರ್ಷದ ಹೊತ್ತಿಗೆ ದೊಡ್ಡವರ ಥರ ಆಗುತ್ತೆ. ತುದಿ ಕಡಿಮೆ ಅಂದ್ರೆ ಎ, ಬಿ ಕೂರೋ ಜಾಗವೂ ಕಡಿಮೆ. ದೊಡ್ಡವರ ಎ1 (ಎ ಗುಂಪಿನ ಸಾಮಾನ್ಯ ಬಗೆ) ಕಣದಲ್ಲಿ ಹತ್ತು ಲಕ್ಷದ ಆಸುಪಾಸು ಎ ಇದ್ರೆ ಮಗುವಿನಲ್ಲಿ ಅದರ ಮೂರನೇ ಒಂದು ಭಾಗ ಇದ್ದರೆ ಹೆಚ್ಚು. ಹಸುಗೂಸಿನ ಗ್ರೂಪಿಂಗ್ ಮಂಕಾಗಿ ಬಂದ್ರೆ ಗಾಬರಿ ಬೀಳಬೇಡಿ ಅಂತ ತಾಯಂದಿರಿಗೆ ಹೇಳೋದು ಇದಕ್ಕೇ.

ಬೇ_ಏರಿಯಾ_ಕನ್ನಡಿಗ
ಒಂದು ಪ್ರಶ್ನೆ. ಪಕ್ವವಾದ ಕೆಂಪುಕಣದಲ್ಲಿ ನ್ಯೂಕ್ಲಿಯಸ್ಸೂ ಇಲ್ಲ, ಗಾಲ್ಜಿಯೂ ಇಲ್ಲ. ಮತ್ತೆ ಈ ಕಾರ್ಖಾನೆ ಎಲ್ಲಿ?

ಧಾರವಾಡದ_ನಿವೃತ್ತ_ಮಾಸ್ತರ
ಮೂಳಿ ಮಜ್ಜೆಯೊಳಗ. ಕಣ ಇನ್ನೂ ಎಳೇದಿದ್ದಾಗ, ನ್ಯೂಕ್ಲಿಯಸ್ ಇದ್ದಾಗ, ಎಲ್ಲಾ ಕಟ್ಟಿ ಮುಗಿದಿರತೈತಿ. ಅದಕ್ಕ ಬ್ಯಾರೆ ಗುಂಪಿನವರ ಮಜ್ಜೆ ಕಸಿ ಮಾಡಿದ್ರ ರೋಗಿಯ ರಕ್ತದ ಗುಂಪು ಕ್ರಮೇಣ ದಾನಿಯ ಗುಂಪಿಗೆ ಹೊಳ್ಳತೈತಿ. ಆದ್ರ ಜೊಲ್ಲಿನಾಗ, ರಕ್ತನಾಳದ ಒಳಪದರಿನಾಗ ಹಳೇ ಗುಂಪಿನ ಸಕ್ಕರೀನ ಉಳೀತೈತಿ, ಅಲ್ಲಿಯ ಜೀವಕೋಶ ರೋಗಿಯವ ಅಲ್ಲೇನು.

ಇದಕ್ಕ ಅಪವಾದ ಲೂಯಿಸ್ (Lewis) ಗುಂಪು, ಎಬಿಓ ಬಿಟ್ಟು ಇನ್ನೊಂದು ರಕ್ತದ ಗುಂಪು. ಅದನ್ನ ಕೆಂಪುಕಣ ತಾನು ಕಟ್ಟೂದ ಇಲ್ಲ. ಬ್ಯಾರೆ ಅಂಗಾಂಶದಾಗ ತಯಾರಾಗಿ ಪ್ಲಾಸ್ಮಾದಾಗ ತೇಲಿ ಬಂದದ್ದನ್ನ ಕಣ ಮೈಗೆ ಹಚ್ಚಿಕೊಳ್ಳತೈತಿ. ಮಜ್ಜೆ ಕಸಿ ಆದ್ರೂ ಅದು ರೋಗೀದ ಉಳೀತೈತಿ.

ಆರೋಗ್ಯವೇ_ಭಾಗ್ಯ_63
ಬ್ಲಡ್ ಗ್ರೂಪ್ ನೋಡಿ ಊಟ ಮಾಡಬೇಕು, ಓ ಗುಂಪಿನವರು ಗೋಧಿ ಮುಟ್ಟಬಾರದು ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?

ಲ್ಯಾಬ್_ಅಕ್ಕ
ಇಲ್ಲ. ಚಪಾತಿ ತಿನ್ನಿ.

ಸಕಲೇಶಪುರದ_ತೋಟ
ಸುಮ್ಮನೆ ಓದ್ತಾ ಇದ್ದೆ. ಕಾಫಿ ಬೀಜಕ್ಕೂ ಬಿ ಗುಂಪಿನ ರಕ್ತಕ್ಕೂ ಏನೋ ನಂಟಿದೆ ಅಂತ ಎಲ್ಲೋ ಕೇಳಿದ್ದೆ. ಬೆಳೆಗಾರ ಅನ್ನೋ ಕಾರಣಕ್ಕೆ ಕೇಳ್ತೀನಿ, ರೇಟು ಏರುತ್ತೆ ಅಂತ ಅಲ್ಲ.

ಧಾರವಾಡದ_ನಿವೃತ್ತ_ಮಾಸ್ತರ
ನಂಟೈತ್ರಿ. ಹುರಿಯದ ಹಸಿ ಕಾಫಿ ಬೀಜದಾಗ ಆಲ್ಫಾ-ಗ್ಯಾಲಕ್ಟೋಸಿಡೇಸ್ ಅನ್ನೋ ಕಿಣ್ವ ಐತಿ. ಬಿ ಸರದ ತುದಿಯ ಗ್ಯಾಲಕ್ಟೋಸನ್ನ ಅದು ಕತ್ತರಿಸತೈತಿ. ಉಳಿಯೋದು ಎಚ್, ಅಂದ್ರ ಓ. ನ್ಯೂಯಾರ್ಕ್ ಬ್ಲಡ್ ಸೆಂಟರಿನ ಜ್ಯಾಕ್ ಗೋಲ್ಡ್‌ಸ್ಟೀನ್ ಮತ್ತ ಜೊತೆಗಾರರು ಹಿಂಗ ಬದಲಿಸಿದ ಕಣಗಳನ್ನ ಎ, ಬಿ, ಓ ಗುಂಪಿನವರಿಗೆ ಕೊಟ್ಟು, ಅವು ಒಳಗ ಸಹಜವಾಗಿ ಬದುಕತಾವು ಅಂತ 1982ರಾಗ ತೋರಿಸಿದ್ರು. ಕಿಣ್ವ ಭಾಳ ಬೇಕಾಗತಿತ್ತು, ಆಮ್ಲತೆಯೂ ರಕ್ತಕ್ಕ ಒಗ್ಗೋ ಅಷ್ಟು ಇರಲಿಲ್ಲ. 2007ರಾಗ ಬ್ಯಾಕ್ಟೀರಿಯಾದಿಂದ ಇನ್ನೂ ಚುರುಕಾದ ಕಿಣ್ವ ಸಿಕ್ಕವು, ಎ ಕತ್ತರಿಸೋದೂ ಸಿಕ್ತು. ನಿಮ್ಮ ರೇಟಿಗೆ ಇದರಿಂದ ಉಪಯೋಗ ಇಲ್ಲ ಬಿಡ್ರಿ.

ಲ್ಯಾಬ್_ಅಕ್ಕ
ಕಾಫಿಗಿಂತ ನಮ್ಮ ಹುರುಳಿ ಮೇಲು. ಹುರುಳಿಕಾಳಲ್ಲಿ ಒಂದು ಲೆಕ್ಟಿನ್ (ಸಕ್ಕರೆಯನ್ನ ಹಿಡಿಯೋ ಪ್ರೋಟೀನ್) ಇದೆ, ಎ ಸರದ ತುದಿಯ ಸಕ್ಕರೆಯನ್ನೇ ಹುಡುಕಿ ಹಿಡಿಯುತ್ತೆ. ಜಿ. ಡಬ್ಲ್ಯು. ಜಿ. ಬರ್ಡ್ 1951ರಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಇದನ್ನ ಬರೆದ್ರು. ಇವತ್ತಿಗೂ ಎ1, ಎ2 ಬೇರೆ ಮಾಡೋಕೆ ನಮ್ಮ ಫ್ರಿಜ್ಜಲ್ಲಿ ಹುರುಳಿ ಲೆಕ್ಟಿನ್ ಬಾಟ್ಲಿ ಇರುತ್ತೆ, ಲೇಬಲ್ ಮೇಲೆ ಆಂಟಿ-ಎ1 ಅಂತ. ಬಾಂಬೆ ಗುಂಪು ಖಚಿತ ಮಾಡೋಕೆ ಬೇಕಾದ ಎಚ್ ಲೆಕ್ಟಿನ್ ಯುಲೆಕ್ಸ್ ಅನ್ನೋ ಹಳದಿ ಹೂವಿನ ಮುಳ್ಳುಪೊದೆಯ ಬೀಜದ್ದು. ಬ್ರಿಟಿಷರ ಕಾಲದಲ್ಲಿ ಬಂದು ಈಗ ಊಟಿ ಕಡೆ ಹುಲ್ಲುಗಾವಲನ್ನೆಲ್ಲ ಕಳೆಯಾಗಿ ಆಕ್ರಮಿಸಿದೆ.

ಬೇ_ಏರಿಯಾ_ಕನ್ನಡಿಗ
ಸೇರಿಸ್ತೀನಿ: ಕಡಲೆಕಾಯಿ ಲೆಕ್ಟಿನ್ನಿನ ರಚನೆ 1994ರಲ್ಲಿ, ಹಲಸಿನ ಬೀಜದ ಜಾಕಲಿನ್ ರಚನೆ 1996ರಲ್ಲಿ, ಎರಡನ್ನೂ ಬಿಡಿಸಿದ್ದು ನಮ್ಮ ಐಐಎಸ್ಸಿಯಲ್ಲೇ. ಎಂ. ವಿಜಯನ್, ಅವಧೇಶ ಸುರೋಲಿಯಾ ಅವರ ತಂಡಗಳು. ಎರಡೂ ಗ್ಯಾಲಕ್ಟೋಸ್ ಹಿಡಿಯುತ್ತವೆ, ಹಿಡಿಯೋ ರೀತಿ ಮಾತ್ರ ಬೇರೆ ಬೇರೆ.

ಹಾಸನದ_ಹುಡುಗ
ಅಕ್ಕಾ, ಎ1, ಎ2 ಅಂದ್ರೇನು? ಕಾಲೇಜಲ್ಲಿ ಹುರುಳಿ ತಂದು ಮಾಡಿ ನೋಡಬಹುದಾ?

ಲ್ಯಾಬ್_ಅಕ್ಕ
ಎ2ರಲ್ಲೂ ಎ ಕಿಣ್ವ ಇದೆ, ಆದ್ರೆ ಸೋಮಾರಿ. ಜೀನಿನ ಕೊನೆ ಹತ್ತಿರ ಒಂದು ಅಕ್ಷರ ಬಿದ್ದು, ನಿಲ್ಲಬೇಕಾದ ಕಡೆ ನಿಲ್ಲದೆ 21 ಅಮೈನೊ ಆಮ್ಲದ ಬಾಲ ಬೆಳೆದಿರುತ್ತೆ. ಕಣಕ್ಕೆ ಎರಡೂವರೆ ಲಕ್ಷ ಎ ಹಚ್ಚೋದರಲ್ಲೇ ಅದಕ್ಕೆ ಸಾಕಾಗುತ್ತೆ, ಉಳಿದ ಎಚ್ ಹಾಗೇ ಇರುತ್ತೆ.

ಮಾಡಬಹುದು. ಹಸಿ ಹುರುಳಿ ಪುಡಿ ಮಾಡಿ ಸಲೈನಲ್ಲಿ ಕೆಲವು ಗಂಟೆ ನೆನೆಸು, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆ. ಬೇಯಿಸಿದ್ದು ಆಗಲ್ಲ, ಕಾವಿಗೆ ಲೆಕ್ಟಿನ್ ಸಾಯುತ್ತೆ, ಹುರುಳಿ ಸಾರು ಕುಡಿದವರಿಗೆ ಏನೂ ಆಗದೇ ಇರೋದು ಅದಕ್ಕೇ. ತಿಳಿಯನ್ನ ಹಾಗೇ ಹಾಕಿದ್ರೆ ಎ2 ಕಣವೂ ಗುಂಪುಗಟ್ಟುತ್ತೆ. ಎ1 ಚೆನ್ನಾಗಿ ಗುಂಪುಗಟ್ಟಿ ಎ2 ಸುಮ್ಮನಿರೋ ತನಕ ಸಲೈನ್ ಸೇರಿಸ್ತಾ ತೆಳು ಮಾಡು. ಜೊತೆಗೆ ಬಿ ಮತ್ತು ಓ ಕಣದ ಟ್ಯೂಬನ್ನೂ ಇಡು, ಅವು ಗುಂಪುಗಟ್ಟಿದ್ರೆ ನಿನ್ನ ಕಷಾಯ ಸರಿಯಿಲ್ಲ ಅಂತ ಅರ್ಥ. ಕೈಗೆ ಗ್ಲೌಸ್, ರಕ್ತ ಕಾಲೇಜಿನ ಅನುಮತಿ ಪಡೆದೇ ತಗೋ. ಇದರಿಂದ ಬಂದ ಫಲಿತಾಂಶ ಯಾರ ಕಾರ್ಡ್ ಮೇಲೂ ಬರೀಬೇಡ.